ಅಪ್‌ಡೇಟ್: ಕಿಂಡರ್‌ಗಾರ್ಟನ್ ಮಕ್ಕಳ ಜೊತೆ ನನ್ನ ಮೊದಲ ವಾರ

5 ವರ್ಷದ 20 ಮಕ್ಕಳಿಗೆ ಒಂದು ವಾರ ಏನೇನು ಮಾಡಿಸಲಿ ಎಂದು ಕೇಳಿದ್ದೆನಲ್ಲ. ದಿನಕ್ಕೆ ಆರು ಚಟುವಟಿಕೆ ಬೇಡ, ಎರಡು ಸಾಕು ಎಂದಿದ್ದಿರಿ. ನಿಮ್ಮ ಮಾತು ಕೇಳಿ ಬಚಾವಾದೆ.

ಸೋಮವಾರ ಅಷ್ಟಕ್ಕಷ್ಟೇ. ಅಕ್ಷರ ತಿದ್ದುವ ಹಾಳೆ ಕೊಟ್ಟೆ, ಐದೇ ನಿಮಿಷಕ್ಕೆ ಪೆನ್ಸಿಲ್‌ಗಳೆಲ್ಲ ಮೇಜಿನ ಕೆಳಗೆ! ಮರುದಿನ ಅದೇ ಅಕ್ಷರಗಳನ್ನು ಮರಳಿನ ಮೇಲೆ ಬೆರಳಲ್ಲಿ ಬರೆಸಿದೆ. ಒಬ್ಬರೂ ಜಾಗ ಬಿಟ್ಟು ಏಳಲಿಲ್ಲ.

ಬುಧವಾರ ಮುಳುಗುವ-ತೇಲುವ ಆಟ. ಟಬ್‌ನಲ್ಲಿ ನೀರು, ಪಕ್ಕದಲ್ಲಿ ಕಲ್ಲು, ಎಲೆ, ಬೀಗದ ಕೀ, ಮರದ ತುಂಡು, ಜೇಡಿಮಣ್ಣು. ನೀರಿಗೆ ಹಾಕುವ ಮೊದಲು ಏನಾಗುತ್ತದೆ ಎಂದು ಹೇಳಬೇಕು. ‘ದೊಡ್ಡದು ಮುಳುಗುತ್ತೆ!’ ಎಂದು ಎಲ್ಲರೂ ಕೂಗಿದರು. ದೊಡ್ಡ ಮರದ ತುಂಡು ತೇಲಿತು, ಪುಟ್ಟ ಕೀ ಮುಳುಗಿತು. ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಮಣ್ಣಿನ ಉಂಡೆ ಮುಳುಗಿತು, ಅದೇ ಮಣ್ಣನ್ನು ತಟ್ಟಿ ದೋಣಿ ಮಾಡಿದರೆ ತೇಲಿತು. ಒಬ್ಬಳಂತೂ ಉಂಡೆ, ದೋಣಿ, ಮತ್ತೆ ಉಂಡೆ ಎಂದು ಏಳು ಸಲ ಮಾಡಿ ನೋಡಿದಳು. ನಾನು ಸುಮ್ನೆ ಕೂತಿದ್ದೆ. ಮಧ್ಯೆ ಬಾಯಿ ಹಾಕಿದ್ದರೆ ಕೆಡುತ್ತಿತ್ತು, ಅಲ್ವಾ? ನೆಲ ಒರೆಸಿದ ಕಥೆ ಕೇಳಬೇಡಿ.

ಗುರುವಾರ ಗುಂಡಿ ಎಣಿಸುವುದು. ಬಾಯಿ 20ಕ್ಕೆ ಓಡಿರುತ್ತದೆ, ಬೆರಳು ಇನ್ನೂ ಹತ್ತನೇ ಗುಂಡಿಯ ಮೇಲೆ! ಒಂದೊಂದನ್ನೇ ಡಬ್ಬಿಗೆ ಹಾಕುತ್ತಾ ಎಣಿಸಲಿ ಎಂದಿದ್ದಿರಲ್ಲ, ಹಾಗೆ ಮಾಡಿಸಿದ ಮೇಲೆ ಜಾಸ್ತಿ ಮಕ್ಕಳ ಲೆಕ್ಕ ಸರಿಹೋಯಿತು.

ಶುಕ್ರವಾರ ಬರೀ ಕಥೆ. ಸೋಮವಾರ ಒದ್ದೆ ಹತ್ತಿಯ ಮೇಲೆ ಇಟ್ಟಿದ್ದ ಕಾಳು ಅಷ್ಟರಲ್ಲಿ ಮೊಳಕೆಯೊಡೆದಿತ್ತು. ‘ಟೀಚರ್, ಇದಕ್ಕೆ ಬಾಲ ಬಂದಿದೆ!’