ಓದುಗರ ಸ್ಪಂದನ: ‘ಯಜಮಾನರು ಮಾತು ಬಿಟ್ಟಿದ್ದಾರೆ, ಇದು ಕಾಯಿಲೆಯೇ?’

ಕಳೆದ ವಾರ ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ಹೀಗೆ ಬರೆದಿದ್ದರು:

“ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಯಜಮಾನರಿಗೆ 47 ವರ್ಷ. ಮುಂಗಾರಿನಿಂದೀಚೆಗೆ ಅವರು ಬೇರೆಯೇ ಮನುಷ್ಯರಾಗಿದ್ದಾರೆ. ಹುಳುಗಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹೊತ್ತಿನ ನಿದ್ದೆಯಿಂದ) ಎದ್ದ ಮೇಲೆ ರಾತ್ರಿ ಹಗಲು ಸೊಪ್ಪು ಹಾಕುತ್ತಿದ್ದವರು ಈಗ ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಮುದ್ದೆಯಲ್ಲಿ ಎರಡು ತುತ್ತು ತಿಂದು ಕೈ ತೊಳೆಯುತ್ತಾರೆ. ಮಗಳು ಅಂಕಪಟ್ಟಿ ತೋರಿಸಿದರೆ ‘ಹೂಂ’ ಎಂದಷ್ಟೇ ಉತ್ತರ. ಸಣ್ಣ ಮಾತಿಗೂ ಸಿಡುಕು. ಗೂಡಿನ ಮಾರುಕಟ್ಟೆಯಲ್ಲಿ ಕೂಗಿದ ಬೆಲೆಗೆ ಕೊಟ್ಟು ಬರುತ್ತಾರೆ. ಎರಡು ಕೊಳವೆಬಾವಿ ಬತ್ತಿ ಸಾಲವಾಗಿರುವುದು ನಿಜ. ಅತ್ತೆ ಗಾಳಿ ಸೋಕಿದೆ ಎನ್ನುತ್ತಾರೆ, ಭಾವ ಸೋಮಾರಿತನ ಎನ್ನುತ್ತಾರೆ. ಮೊನ್ನೆ ‘ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ’ ಎಂದರು. ಆಸ್ಪತ್ರೆಗೆ ಹೋಗೋಣ ಎಂದರೆ ‘ನನಗೇನು ಹುಚ್ಚೇ?’ ಎಂದು ರೇಗುತ್ತಾರೆ. ಇದು ಕಾಯಿಲೆಯೋ, ಸ್ವಭಾವವೋ? ನಾನು ಏನು ಮಾಡಲಿ?”

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನಿಮ್ಮ ಪತ್ರದ ಕೊನೆಯಲ್ಲಿರುವ ಒಂದು ಮಾತಿಗೆ ಮೊದಲು ಉತ್ತರಿಸುತ್ತೇನೆ. ‘ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ’ ಎಂಬುದನ್ನು ಬೇಸರದ ಮಾತೆಂದು ದಾಟಿಸಬೇಡಿ. ಇಂದೇ, ಅವರೊಬ್ಬರೇ ಇರುವಾಗ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿ: “ಸಾಯಬೇಕು ಎಂದು ನಿಮಗೆ ಅನ್ನಿಸುತ್ತಿದೆಯೇ?” ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಆದರೆ ಹಾಗಾಗುವುದಿಲ್ಲ. ಒಳಗೇ ಹೊತ್ತುಕೊಂಡಿದ್ದನ್ನು ಕೊನೆಗೂ ಯಾರೋ ಕೇಳಿದರು ಎಂದು ಬಹಳ ಜನ ಅತ್ತುಬಿಡುತ್ತಾರೆ. ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರು ಏನೇ ಉತ್ತರ ಕೊಡಲಿ, ಬೆಳೆಗೆ ಹೊಡೆಯುವ ಔಷಧಿ, ಹುಳುಮನೆ ತೊಳೆಯುವ ರಾಸಾಯನಿಕ ಎಲ್ಲವನ್ನೂ ಮನೆಯಿಂದ ಹೊರಗೆ ಸಾಗಿಸಿ. ನಂಬಿಕೆಯ ಸಂಬಂಧಿಕರ ಮನೆಯಲ್ಲಿ ಬೀಗ ಹಾಕಿಸಿ ಇಡಿ. ತಾಲ್ಲೂಕು ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡಿದವಳು ನಾನು. ಕೈಗೆಟುಕುವಲ್ಲಿ ಡಬ್ಬ ಇಲ್ಲದಿದ್ದರೆ ಆ ಒಂದು ಕೆಟ್ಟ ಗಳಿಗೆ ದಾಟಿ ಹೋಗುತ್ತದೆ, ದಾಟಿದವರು ಬದುಕುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ಇದು ಸ್ವಭಾವವಲ್ಲ. ಹುಟ್ಟಿದಾಗಿನಿಂದ ಇರುವುದು ಸ್ವಭಾವ, ಮುಂಗಾರಿನಲ್ಲಿ ಶುರುವಾದದ್ದಲ್ಲ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಅದರ ಜೊತೆಗೆ ನಿದ್ದೆ, ಹಸಿವು, ಕಸುವು, ಏಕಾಗ್ರತೆ ಕೆಡುವುದು, ತನ್ನನ್ನು ತಾನೇ ಹಳಿದುಕೊಳ್ಳುವುದು, ಸಾವಿನ ಯೋಚನೆ ಬರುವುದು. ಇವುಗಳಲ್ಲಿ ಹಲವು ಸೇರಿಕೊಂಡು ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಹೊತ್ತು ಕಾಡಿದರೆ ವೈದ್ಯರು ಖಿನ್ನತೆಯನ್ನು ಅನುಮಾನಿಸುತ್ತಾರೆ. ನಿಮ್ಮ ಒಂದು ಪತ್ರದಲ್ಲೇ ಇವುಗಳಲ್ಲಿ ಹೆಚ್ಚಿನವು ಇವೆ. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಈ ಕಾಯಿಲೆಯ ದೊಡ್ಡ ಗುರುತು. ಗಂಡಸರಲ್ಲಿ ಇದು ಅಳುವಿಗಿಂತ ಹೆಚ್ಚಾಗಿ ಸಿಡುಕಾಗಿ, ಮೌನವಾಗಿ, ಕೆಲವರಲ್ಲಿ ಕುಡಿತವಾಗಿ ಕಾಣಿಸಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಮೈಕೈ ನೋವು, ಎದೆ ಭಾರ, ಹೊಟ್ಟೆ ಉರಿ ಎಂಬ ದೂರುಗಳೇ ಮುಂದೆ ನಿಲ್ಲುತ್ತವೆ. ಅದಕ್ಕೇ ಮನೆಯವರಿಗೆ ಗೊತ್ತಾಗುವುದು ತಡ.

ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ಬಿ12 ಜೀವಸತ್ವ ಕಡಿಮೆ ಇದ್ದರೆ ಇಂಥದೇ ಮಂಕು ಕವಿಯುವುದುಂಟು. ಮಧುಮೇಹ ಇರುವವರಲ್ಲಿ ಖಿನ್ನತೆ ಹೆಚ್ಚು. ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಎಂಬ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡು ಇದೆ. ಶಿಡ್ಲಘಟ್ಟಕ್ಕೆ ಯಾವ ಮಂಗಳವಾರ ಬರುತ್ತಾರೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿಯವರೆಗೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಬೇಡ. ಕನ್ನಡದಲ್ಲಿ ಮಾತನಾಡಬಹುದು, ನಿಮ್ಮ ಕಡೆಯ ಎಷ್ಟೋ ಮನೆಗಳಂತೆ ಮನೆಮಾತು ತೆಲುಗಾದರೆ ತೆಲುಗಿನಲ್ಲೂ ಮಾತನಾಡಬಹುದು. ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ, ನೀವೇ ಮಾಡಿ ಸಲಹೆ ಕೇಳಿ.

‘ನನಗೇನು ಹುಚ್ಚೇ’ ಎಂದಾಗ ವಾದಕ್ಕೆ ಇಳಿಯಬೇಡಿ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ ಜೀವನದ ಯಾವುದೋ ಘಟ್ಟದಲ್ಲಿ ಖಿನ್ನತೆ ಬಂದಿರುತ್ತದೆ. ನಿಮ್ಮ ಊರಿನ ಹಾಲಿನ ಡೇರಿಯ ಮುಂದೆ ಬೆಳಿಗ್ಗೆ ನಿಲ್ಲುವ ಸಾಲಿನಲ್ಲೇ ಒಬ್ಬರಿಬ್ಬರು ಇದ್ದಾರು.

— ನಿವೃತ್ತ ಶುಶ್ರೂಷಕಿ, ಚಿಂತಾಮಣಿ

*

ಅಮ್ಮಾ, ನಿಮ್ಮ ಯಜಮಾನರ ಜಾಗದಲ್ಲಿ ಮಲಗಿದ್ದವನು ನಾನು. ಗೋಡೆಯ ಕಡೆ ತಿರುಗಿ ಮಲಗುವುದು ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಪತ್ರ ಬರೆಯದೆ ಇರಲಾಗಲಿಲ್ಲ.

ಹೊರಗಿನಿಂದ ನೋಡುವವರು ನಮಗೆ ದುಃಖವಾಗಿದೆ ಎಂದುಕೊಳ್ಳುತ್ತಾರೆ. ದುಃಖವಾದರೂ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಏನೂ ಅನ್ನಿಸುತ್ತಿರಲಿಲ್ಲ. ದ್ರಾಕ್ಷಿ ಗೊಂಚಲು ತುಂಬಿ ನಿಂತಾಗಲೂ ಅನ್ನಿಸಲಿಲ್ಲ, ಆಲಿಕಲ್ಲು ಬಿದ್ದು ಹೋದಾಗಲೂ ಅನ್ನಿಸಲಿಲ್ಲ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವುದು ನಂದಿ ಬೆಟ್ಟ ಹತ್ತಿದಷ್ಟು ಆಯಾಸ. ಯಾರಾದರೂ ಪ್ರೀತಿಯಿಂದ ಮಾತನಾಡಿಸಿದರೆ ಇವರ ಪ್ರೀತಿಗೆ ನಾನು ಯೋಗ್ಯನಲ್ಲ ಎಂಬ ಸಂಕಟಕ್ಕೇ ಸಿಡುಕುತ್ತಿದ್ದೆ. ನಿಮ್ಮ ಯಜಮಾನರ ‘ಹೂಂ’ ಕೂಡ ಹಾಗೆಯೇ ಇರಬಹುದು. ಆ ಒಂದು ‘ಹೂಂ’ಗೆ ಅವರು ಎಷ್ಟು ಶಕ್ತಿ ಕೂಡಿಸಿದ್ದಾರೋ.

‘ಧೈರ್ಯ ತಂದುಕೊಳ್ಳಿ’, ‘ಹೆಂಡತಿ ಮಕ್ಕಳ ಮುಖ ನೋಡಿ’, ‘ನಿಮಗಿಂತ ಕಷ್ಟದಲ್ಲಿರುವವರು ಎಷ್ಟು ಜನ ಇದ್ದಾರೆ’ ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ. ಕೇಳುವವನಿಗೆ ಮಾತ್ರ ಅವು ಇನ್ನೊಂದು ಸಾಲದ ಪತ್ರ ಇದ್ದ ಹಾಗೆ. ಸೋಮಾರಿತನ ಎನ್ನುವ ನಿಮ್ಮ ಭಾವನವರಿಗೆ ದಯವಿಟ್ಟು ಇದನ್ನು ಓದಿ ಹೇಳಿ: ಸೋಮಾರಿಗೆ ಕೆಲಸ ತಪ್ಪಿದರೆ ಸುಖವಾಗುತ್ತದೆ. ನನಗೆ ಒಂದು ಗಳಿಗೆಯೂ ಸುಖವಿರಲಿಲ್ಲ.

ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಬಾಮೈದ. ಅವನು ಮನಸ್ಸಿನ ಮಾತೇ ಎತ್ತಲಿಲ್ಲ. “ಭಾವ, ನಿಮಗೆ ನಿದ್ದೆ ಬರುತ್ತಿಲ್ಲವಲ್ಲ, ತೂಕವೂ ಇಳಿದಿದೆ, ಅದಕ್ಕೆ ತೋರಿಸೋಣ” ಎಂದ. ನಿದ್ದೆ ಇಲ್ಲದಿರುವುದು ಸುಳ್ಳಲ್ಲವಲ್ಲ, ಹಾಗಾಗಿ ನಾನು ಒಪ್ಪಿದೆ. ನೀವೂ ಈ ದಾರಿಯನ್ನು ನೋಡಿ. ಮೊದಲು ನಿಮಗೆ ಗೊತ್ತಿರುವ ವೈದ್ಯರಲ್ಲಿಗೇ ಹೋದರೂ ಆಗುತ್ತದೆ, ಒಳಗೆ ಹೋದ ಮೇಲೆ ನಿಮ್ಮ ಪತ್ರದಲ್ಲಿ ಬರೆದಿದ್ದನ್ನೆಲ್ಲ ಹೇಳಿ. ಯಜಮಾನರ ಎದುರಿಗೇ ಹೇಳಿ, ಹಿಂದಿನಿಂದ ಹೇಳಿದರೆ ಮುಂದೆ ನಿಮ್ಮ ಮೇಲಿನ ನಂಬಿಕೆ ಹೋದೀತು.

ಔಷಧಿಯ ಬಗ್ಗೆ ಬಿಡಿಸಿ ಹೇಳಲೇಬೇಕು. ಮೊದಲ ಎರಡು ವಾರ ಬಾಯಿ ಒಣಗಿತು, ಹೊಟ್ಟೆ ತೊಳೆಸಿತು, ಮನಸ್ಸು ಇದ್ದಲ್ಲೇ ಇತ್ತು. ಬಿಟ್ಟುಬಿಡೋಣ ಎಂದಿದ್ದೆ. ವೈದ್ಯರು ಮೊದಲೇ ಎಚ್ಚರಿಸಿದ್ದರು: ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣಕ್ಕೆ ಇನ್ನೂ ಹೆಚ್ಚು. ಸುಧಾರಣೆ ನನಗಿಂತ ಮೊದಲು ಗೊತ್ತಾದದ್ದು ನನ್ನ ಹೆಂಡತಿಗೆ. ಒಂದು ದಿನ ಊಟಕ್ಕೆ ಕುಳಿತಾಗ “ಸಾರಿಗೆ ಉಪ್ಪು ಕಡಿಮೆ” ಎಂದೆನಂತೆ. ಅದುವರೆಗೆ ತಟ್ಟೆಯಲ್ಲಿ ಏನಿದೆ ಎಂಬುದೇ ನನಗೆ ಬೇಕಿರಲಿಲ್ಲ. ಅವಳು ಒಳಗೆ ಹೋಗಿ ಅತ್ತಳಂತೆ. ನಿದ್ದೆ ಮಾತ್ರೆಯಂತೆ ಇದು ಚಟವಾಗುವುದಿಲ್ಲ. ಆದರೆ ಹುಷಾರಾದೆ ಎಂದು ಒಮ್ಮೆಗೇ ನಿಲ್ಲಿಸಬಾರದು. ಗುಣವಾದ ಮೇಲೂ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ನಿಲ್ಲಿಸಿಬಿಟ್ಟವರಿಗೆ ಕಾಯಿಲೆ ಮರಳಿದ್ದನ್ನು ನಮ್ಮ ಊರಿನಲ್ಲೇ ಕಂಡಿದ್ದೇನೆ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಮೈಗೆ ಕಸುವು ಮೊದಲು ಬರಬಹುದು, ಮನಸ್ಸಿನ ಕತ್ತಲೆ ಆಮೇಲೆ ಹೋಗುತ್ತದೆ. ಆ ದಿನಗಳಲ್ಲಿ ಅವರ ಹತ್ತಿರ ಯಾರಾದರೂ ಇರಲಿ.

ಸಾಲ ತೀರಿದರೆ ಎಲ್ಲ ಸರಿಹೋಗುತ್ತದೆ ಎಂದು ಕಾಯಬೇಡಿ. ಸಾಲ ಕಾಯಿಲೆಗೆ ದಾರಿ ಮಾಡಿರಬಹುದು, ಈಗ ಅದು ತಾನಾಗಿಯೇ ಬೇರು ಬಿಟ್ಟಿದೆ. ಮತ್ತೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ: ಗುಣವಾಗುವವರೆಗೆ ಜಮೀನು ಮಾರುವುದು, ಭಾಗ ಮಾಡಿಕೊಳ್ಳುವುದು, ಬಡ್ಡಿಗೆ ಬಡ್ಡಿ ಒಪ್ಪಿ ಸಹಿ ಹಾಕುವುದು ಯಾವುದನ್ನೂ ಆಗಗೊಡಬೇಡಿ. ಕೂಗಿದ ಬೆಲೆಗೆ ಗೂಡು ಕೊಟ್ಟು ಬರುವವರು ಕೂಗಿದ ಬೆಲೆಗೆ ತೋಟವನ್ನೂ ಕೊಟ್ಟಾರು. ಆ ಹೊತ್ತಿನಲ್ಲಿ ಎಲ್ಲವೂ ವ್ಯರ್ಥ ಎಂದೇ ಕಾಣುತ್ತದೆ.

— ದ್ರಾಕ್ಷಿ ಬೆಳೆಗಾರ, ಚಿಕ್ಕಬಳ್ಳಾಪುರ ತಾಲ್ಲೂಕು

*

ನಿಮ್ಮ ಅತ್ತೆಯವರ ಬಗ್ಗೆ ನಾಲ್ಕು ಮಾತು. ಗಾಳಿ ಸೋಕಿದೆ ಎನ್ನುವ ಆ ತಾಯಿಗೆ ಮಗನಿಗೆ ಏನೋ ಆಗಿದೆ ಎಂದಾದರೂ ಗೊತ್ತಾಗಿದೆ, ಸೋಮಾರಿ ಎನ್ನುವವರಿಗೆ ಅದೂ ಗೊತ್ತಾಗಿಲ್ಲ. ಅವರನ್ನು ಎದುರು ಹಾಕಿಕೊಳ್ಳಬೇಡಿ. ದೇವರ ದರ್ಶನಕ್ಕೆ ಗೊರವನಹಳ್ಳಿಗೋ ಕೈವಾರಕ್ಕೋ ಹೋಗಬೇಕೆಂದರೆ ಮಗನೊಂದಿಗೆ ಹೋಗಿ ಬರಲಿ. ಹೊರಗೆ ನಾಲ್ಕು ಹೆಜ್ಜೆ ನಡೆದಂತಾಗುತ್ತದೆ. ಆದರೆ ಗಾಳಿ ಬಿಡಿಸುತ್ತೇನೆಂದು ಹೊಡೆಯುವ, ಕಟ್ಟಿಹಾಕುವ, ಮಾತ್ರೆ ನಿಲ್ಲಿಸು ಎನ್ನುವ ಯಾರ ಬಳಿಗೂ ಬೇಡ. ಅಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು, ಹಿರಿಯರೆಂಬ ಸಂಕೋಚ ಬೇಡ.

ಅತ್ತೆಯವರಿಂದ ನಿಮಗೆ ಒಂದು ಸಹಾಯವೂ ಬೇಕಾಗುತ್ತದೆ. ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ವೈದ್ಯರು ಕೇಳುತ್ತಾರೆ. ಸುಮ್ಮನೆ ಕೂತುಬಿಟ್ಟ ಸೋದರಮಾವ, ಬಾವಿಗೆ ಹಾರಿದ ಚಿಕ್ಕಜ್ಜಿ ಇಂಥವರ ಕಥೆ ನಮ್ಮ ಮನೆಗಳಲ್ಲಿ ಹೆಂಗಸರಿಗೆ ಮಾತ್ರ ಗೊತ್ತಿರುತ್ತದೆ. ನಮ್ಮ ಮಾವನವರ ಕಾಯಿಲೆಯಲ್ಲಿ ನಮ್ಮ ಅತ್ತೆ ಬಾಯಿ ಬಿಟ್ಟು ಹೇಳಿದ್ದೇ ವೈದ್ಯರಿಗೆ ಬಹಳ ಉಪಯೋಗವಾಯಿತು.

— ಗೃಹಿಣಿ, ಮಧುಗಿರಿ

*

ಎಲ್ಲರೂ ನಿಮ್ಮ ಯಜಮಾನರ ಬಗ್ಗೆ ಬರೆಯುತ್ತಾರೆ. ನಾನು ನಿಮ್ಮ ಮಗಳ ಪರವಾಗಿ ಬರೆಯುತ್ತಿದ್ದೇನೆ ಆಂಟಿ. ನನ್ನ ಅಮ್ಮನಿಗೆ ಖಿನ್ನತೆ ಬಂದಾಗ ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಅಮ್ಮ ಮಾತನಾಡದಿರುವುದು ನನ್ನಿಂದಲೇ ಎಂದು ನಂಬಿದ್ದೆ, ಅದಕ್ಕೇ ಇನ್ನೂ ಹೆಚ್ಚು ಅಂಕ ತರಲು ಒದ್ದಾಡುತ್ತಿದ್ದೆ. ಅಂಕಪಟ್ಟಿ ಹಿಡಿದು ನಿಂತ ನಿಮ್ಮ ಮಗಳೂ ಅದನ್ನೇ ಯೋಚಿಸುತ್ತಿರಬಹುದು. ಅವಳನ್ನು ಕೂರಿಸಿಕೊಂಡು ಹೇಳಿ: “ಅಪ್ಪನಿಗೆ ಹುಷಾರಿಲ್ಲ, ಇದಕ್ಕೆ ಔಷಧಿ ಇದೆ, ನಿನ್ನಿಂದ ಆದದ್ದಲ್ಲ.” ಜ್ವರ ಬಂದರೆ ಮಕ್ಕಳಿಗೆ ಹೇಳುತ್ತೇವೆ, ಇದನ್ನೇಕೆ ಮುಚ್ಚಿಡಬೇಕು? ಅಪ್ಪನನ್ನು ನಗಿಸುವ ಜವಾಬ್ದಾರಿಯನ್ನು ಮಾತ್ರ ಅವಳ ಮೇಲೆ ಹಾಕಬೇಡಿ.

— ಪದವಿ ವಿದ್ಯಾರ್ಥಿನಿ, ಕೋಲಾರ

*

ಅಕ್ಕ, ನಾನೂ ನಿಮ್ಮ ತಾಲ್ಲೂಕಿನವಳೇ, ನಮ್ಮ ಮನೆಯಲ್ಲೂ ಹುಳು ಇದೆ. ಆದ್ದರಿಂದ ಬೇರೆಯವರಿಗೆ ತೋಚದ್ದನ್ನು ಬರೆಯುತ್ತೇನೆ. ನಾಲ್ಕನೇ ಜ್ವರದ ನಂತರದ ಐದನೇ ಹಂತದಲ್ಲಿ ಎಷ್ಟು ಸೊಪ್ಪು ಬೇಕು ಎಂಬುದು ಸಾಕಿದವರಿಗೆ ಗೊತ್ತು. ಅವರು ಮಲಗಿದ್ದಾರೆ ಎಂದರೆ ಆ ಸೊಪ್ಪನ್ನೆಲ್ಲ ಕೊಯ್ದು ಹೊತ್ತು ಹಾಕುತ್ತಿರುವವರು ನೀವೇ. ನಿಮ್ಮ ಪತ್ರದಲ್ಲಿ ನಿಮ್ಮ ನಿದ್ದೆಯ ಬಗ್ಗೆ, ಊಟದ ಬಗ್ಗೆ ಒಂದು ಸಾಲೂ ಇಲ್ಲ. ಮುಂದಿನ ಬೆಳೆಗೆ ತರುವ ಚಾಕಿ ಹುಳು (ಮರಿ ಹುಳು) ಅರ್ಧಕ್ಕೆ ಇಳಿಸಿ. ಇನ್ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳಷ್ಟೂ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ) ಸಾಕುತ್ತಿದ್ದರೆ ನೂರು ಸಾಕು. ಉಳಿದ ಸೊಪ್ಪನ್ನು ಮಾರಿಬಿಡಿ, ಕೊಳ್ಳುವವರು ಇದ್ದೇ ಇರುತ್ತಾರೆ. ಆದಾಯ ಕಡಿಮೆಯಾಗುತ್ತದೆ, ಆದರೆ ನೀವು ಬಿದ್ದರೆ ಆ ಮನೆಯನ್ನು ನೋಡುವವರು ಯಾರು?

ಅವರಿಗೂ ಸಣ್ಣದೊಂದು ಕೆಲಸ ಇರಲಿ. ಪೂರ್ತಿ ಹುಳುಮನೆ ಬೇಡ, ಸಂಜೆ ಒಂದು ತಟ್ಟೆಗೆ ಸೊಪ್ಪು ಹಾಕಲಿ. ಹಾಕಿದರೆ ಸಂತೋಷ, ಹಾಕದಿದ್ದರೆ ಮಾತಿಲ್ಲದೆ ನೀವು ಹಾಕಿ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ಹೆಣಿಗೆಗೆ) ಬಿಡುವ ದಿನ ಮಾತ್ರ ಒಬ್ಬರೇ ಒದ್ದಾಡಬೇಡಿ, ಅಕ್ಕಪಕ್ಕದವರನ್ನು ಬಾಯಿ ಬಿಟ್ಟು ಕರೆಯಿರಿ. ಆ ದಿನ ಯಾರೂ ಬರುವುದಿಲ್ಲ ಎನ್ನುವ ಊರು ನಮ್ಮ ಕಡೆ ಇಲ್ಲ.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗುವುದಾದರೆ ಪತ್ರಿಕೆಯವರಿಗೆ ತಿಳಿಸಿ, ಅವರ ಬಳಿ ನನ್ನ ವಿಳಾಸ ಇದೆ. ನನ್ನ ಗಂಡನನ್ನೂ ಕರೆದುಕೊಂಡು ಬರುತ್ತೇನೆ. ಗಂಡಸರಿಬ್ಬರೂ ಹೊರಗೆ ಬೆಂಚಿನ ಮೇಲೆ ಗೂಡಿನ ಬೆಲೆ ಮಾತನಾಡುತ್ತಾ ಕೂತಿರಲಿ, ನಾವು ಚೀಟಿ ಮಾಡಿಸೋಣ.

— ರೇಷ್ಮೆ ಕೃಷಿಕ ಮಹಿಳೆ, ಶಿಡ್ಲಘಟ್ಟ ತಾಲ್ಲೂಕು