ಹಿಮವೇ ಬೀಳದ ಉಡುಪಿಯಲ್ಲಿ ಟೊಮೆಟೊ ಯಾವಾಗ ನೆಡೋದು?

ಆನ್‌ಲೈನ್‌ನಲ್ಲಿ ತರಿಸಿದ ವಿದೇಶಿ ತಳಿಯ ಟೊಮೆಟೊ ಬೀಜ ಇದೆ. ಕೊನೆಯ ಹಿಮ ಬೀಳುವ ದಿನಕ್ಕೆ 6ರಿಂದ 8 ವಾರ ಮೊದಲು ಮನೆಯೊಳಗೆ ಸಸಿ ಮಾಡಿ ಅಂತ ಪ್ಯಾಕೆಟ್ ಮೇಲೆ ಬರೆದಿದ್ದಾರೆ. ಕಟಪಾಡಿಯಲ್ಲಿ ಜನವರಿ ರಾತ್ರಿಗೂ ಫ್ಯಾನ್ ಬೇಕು, ಹಿಮ ಎಲ್ಲಿಂದ ತರೋದು!

ನಮಗೆ ಕಾಟ ಮಳೆಯದ್ದು. ಜೂನ್‌ನಲ್ಲಿ ನೆಟ್ಟವು ಬುಡ ಕೊಳೆತು ಸತ್ತವು. ಫೆಬ್ರವರಿಯಲ್ಲಿ ನೆಟ್ಟವು ಚೆನ್ನಾಗಿ ಬೆಳೆದವು, ಆದರೆ ಸೆಕೆಗೆ ಹೂವೆಲ್ಲ ಉದುರಿತು. ಇಲ್ಲಿ ಮಟ್ಟುಗುಳ್ಳ (ನಮ್ಮ ಕಡೆಯ ಬದನೆ ತಳಿ) ಬೆಳೆಯುವವರು ಮಳೆಗಾಲ ಮುಗಿದ ಮೇಲೆ ನಾಟಿ ಮಾಡುತ್ತಾರೆ. ಹಾಗಾಗಿ ಹಿಮದ ಬದಲು ಮಳೆ ನಿಲ್ಲುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕೋಣ ಅಂದುಕೊಂಡೆ. ಆದರೆ ಅಕ್ಟೋಬರ್‌ನಲ್ಲಿ ಸಂಜೆ ಗುಡುಗು ಮಳೆ ಇರುತ್ತದಲ್ವಾ, ಅಲ್ಲೇ ಗೊಂದಲ.

ಆಗಸ್ಟ್ ಕೊನೆಗೆ ಶೀಟಿನಡಿ ಸಸಿ ಮಾಡಿ ಅಕ್ಟೋಬರ್ ಮೊದಲ ವಾರ ಗ್ರೋ ಬ್ಯಾಗಿಗೆ ನೆಡಲೇ? ಅಥವಾ ದೀಪಾವಳಿ ಕಳೆಯುವವರೆಗೆ ಕಾಯಲೇ? ಕರಾವಳಿಯಲ್ಲಿ ಟೊಮೆಟೊ ಬೆಳೆದವರು ನೀವು ನೆಟ್ಟ ತಿಂಗಳು ಹೇಳಿ.