ಒಪೆರಾಗೆ ಭಾಷೆಯನ್ನೇ ಕಲಿಯಬೇಕಾ, ಉಚ್ಚಾರ ಸಾಕಾ? ಅನುಭವ ಹೇಳಿ

ಬೆಂಗಳೂರು ಸೊಪ್ರಾನೊ: ಜರ್ಮನಿಯಲ್ಲಿ ಒಪೆರಾ ಮಾಸ್ಟರ್ಸ್ ಮಾಡುವ ಆಸೆ. ಜರ್ಮನ್, ಇಟಾಲಿಯನ್ ಎರಡನ್ನೂ ಮಾತಾಡುವಷ್ಟು ಕಲಿಯಬೇಕಾ? ಅಪ್ಪನಿಗೆ ಖರ್ಚಿನ ಲೆಕ್ಕ ಕೊಡಬೇಕು.

ಲೈಪ್‌ಜಿಗ್ ಮೆಜೊ: ಉಚ್ಚಾರ ಖಂಡಿತ ಸಾಲದು. ಮೊಜಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ನಲ್ಲಿ ಹಾಡುಗಳ ನಡುವೆ ಜರ್ಮನ್ ಮಾತುಗಳಿವೆ. ರಾತ್ರಿ ರಾಣಿಯ ಮೂವರು ಸಖಿಯರಲ್ಲಿ ಒಬ್ಬಳ ಪಾತ್ರಕ್ಕೆ ಆಡಿಷನ್ ಕೊಟ್ಟೆ. ಹಾಡು ಅವರಿಗೆ ಹಿಡಿಸಿತು. ಆಮೇಲೆ ಒಂದು ಹಾಳೆ ಕೈಗಿಟ್ಟು, “ಇದನ್ನು ಸಿಟ್ಟಿನಲ್ಲಿ ಹೇಳಿ, ಈಗ ಅದನ್ನೇ ಕೊಂಕಾಗಿ ಹೇಳಿ” ಅಂದರು. ಎಲ್ಲಿ ಒತ್ತಬೇಕೋ ತಿಳಿಯಲಿಲ್ಲ. ಪಾತ್ರ ಕೈತಪ್ಪಿತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಆಮೇಲೆ ಭಾಷಾ ಕೋಚ್ ಹಿಡಿದೆ. ಗಂಟೆಗೆ 55 ಯೂರೋ, ವಾರಕ್ಕೆ ಎರಡು ಗಂಟೆ. ತಿಂಗಳಿಗೆ 440 ಯೂರೋ, ರೂಮ್ ಬಾಡಿಗೆಗಿಂತ ಜಾಸ್ತಿ! ಪಿಯಾನೋ ನುಡಿಸುವವರಿಗೆ ಬೇರೆ ದುಡ್ಡು.

ಮೈಸೂರು ಟೆನರ್: ಸುಮ್ನೆ ಹೆದರಿಸಬೇಡಿ ಮೇಡಮ್. ರಷ್ಯನ್ ಒಪೆರಾ ‘ಯೆವ್ಗೆನಿ ಒನೇಗಿನ್’ನಲ್ಲಿ ಲೆನ್ಸ್ಕಿ ಎಂಬ ಪಾತ್ರದ ಹಾಡನ್ನು ಪದಪದಕ್ಕೂ ಅರ್ಥ ಬರೆದುಕೊಂಡು ರಷ್ಯನ್‌ನಲ್ಲೇ ಹಾಡಿದ್ದೇನೆ. ರಷ್ಯಾದವರೇ ಬಂದು ಕೈಕುಲುಕಿದರು. ಇಟಾಲಿಯನ್ ಅಂತೂ ನಮಗೆ ಸಲೀಸು. ಅದರ ಜೋಡಿ ವ್ಯಂಜನಗಳಂಥ ಒತ್ತಕ್ಷರ ನಮ್ಮಲ್ಲೇ ಇದೆ. ಇಂಗ್ಲಿಷ್‌ನವರ ಹಾಗೆ ಪ-ತ-ಕಗಳಿಗೆ ಉಸಿರು ಸೇರಿಸುವ ಅಭ್ಯಾಸವೂ ಇಲ್ಲ.

ಲೈಪ್‌ಜಿಗ್ ಮೆಜೊ: ಒಂದು ಹಾಡು ಬೇರೆ, ಇಡೀ ಪಾತ್ರ ಬೇರೆ ಸರ್. ಮೊಜಾರ್ಟ್‌ನ 1786ರ ಇಟಾಲಿಯನ್ ಒಪೆರಾ ‘ಫಿಗಾರೊ’ದ ರೆಸಿಟೆಟಿವ್ (ಮಾತಾಡಿದ ಹಾಗೆ ಹಾಡುವ ಭಾಗ) ಹಾಡಿ ನೋಡಿ. ಮಾತಿನ ವೇಗದಲ್ಲೇ ಓಡುತ್ತದೆ. ಎದುರಿನವರು ಒಂದು ಸಾಲು ಹಾರಿಸಿದರೆ ಏನು ಮಾಡುತ್ತೀರಿ?

ಮೈಸೂರು ಟೆನರ್: ಅದರಲ್ಲಿ ಬಾಸಿಲಿಯೊ ಪಾತ್ರವನ್ನೇ ಮಾಡಿದ್ದೇನೆ! ನಿಮಗೆ ಪಾತ್ರ ತಪ್ಪಿತು ಅಂತ ಎಲ್ಲರಿಗೂ ಪಾಠ ಹೇಳಬೇಡಿ.

ಲಂಡನ್ ಬ್ಯಾರಿಟೋನ್: ಕೇಳುವವರ ಭಾಷೆಯಲ್ಲೇ ಹಾಡಿ, ಜಗಳವೇ ಇರಲ್ಲ. ಇಂಗ್ಲಿಷ್ ನ್ಯಾಷನಲ್ ಒಪೆರಾ ಹಾಗೇ ಮಾಡಿಕೊಂಡು ಬಂದಿದೆ. ತಮಾಷೆ ಬಂದ ಕ್ಷಣಕ್ಕೇ ಜನ ನಗುತ್ತಾರೆ.

ಧಾರವಾಡ ರಸಿಕ: ಒಪ್ಪಲ್ಲ. ಸಂಗೀತ ರಚಿಸಿದವನು ಮೂಲ ಪದದ ‘ಆ’ಕಾರ ನೋಡಿ ತಾರಸ್ವರ ಇಟ್ಟಿರುತ್ತಾನೆ. ಅನುವಾದದಲ್ಲಿ ಅಲ್ಲಿ ‘ಇ’ಕಾರ ಬಂದರೆ ಗಂಟಲು ಹಿಡಿಯುತ್ತದೆ. 1983ರಲ್ಲಿ ಟೊರೊಂಟೊದಲ್ಲಿ ಸರ್‌ಟೈಟಲ್ (ವೇದಿಕೆಯ ಮೇಲ್ಗಡೆ ತೋರಿಸುವ ಅನುವಾದದ ಸಾಲು) ಶುರುವಾದ ಮೇಲೆ ಅರ್ಥದ ಚಿಂತೆಯೂ ಇಲ್ಲ. ನಮ್ಮಲ್ಲೂ ತೆಲುಗು ಬಾರದೆ ತ್ಯಾಗರಾಜರ ಪದ ಮುರಿದು ಹಾಡುವವರಿದ್ದಾರೆ, ಅಲ್ವಾ?

ಮೈಸೂರು ಟೆನರ್: ಕರ್ನಾಟಕ ಸಂಗೀತವನ್ನು ಇಲ್ಲಿಗೆ ಎಳೆಯಬೇಡಿ. ನಮ್ಮ ಅಜ್ಜಿ ತೆಲುಗು ಓದಲು ಬಾರದೆಯೇ ಸೊಗಸಾಗಿ ಹಾಡುತ್ತಿದ್ದರು.

ಧಾರವಾಡ ರಸಿಕ: ಅಜ್ಜಿ ಗುರುಗಳ ಎದುರು ಕೂತು ಕಲಿತಿರುತ್ತಾರೆ. ಈಗಿನವರು ಮೊಬೈಲ್ ನೋಡಿ ಹಾಡುತ್ತಾರೆ!

ಹುಬ್ಬಳ್ಳಿ ಅಮ್ಮ: ಜಗಳ ಬಿಡಿ. ನನ್ನ ಮಗಳು ಹಾಡಿನ ಪರೀಕ್ಷೆಯಲ್ಲಿ ಪಾಸಾದಳು. ಕಾಲೇಜಿನವರು ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟ ಕೇಳಿದರು, ಇವಳ ಹತ್ತಿರ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬಿ1 ಇತ್ತು. ಒಂದು ವರ್ಷ ಹೋಯಿತು. ಟಿಕೆಟ್ ರದ್ದು ಮಾಡಿದ್ದಕ್ಕೆ 21,500 ರೂಪಾಯಿ, ಮತ್ತೆ ಟ್ಯೂಷನ್‌ಗೆ 38,000. ಪರೀಕ್ಷೆ ಫೀಸು ಬೇರೆ. ಮರುವರ್ಷ ಸೇರಿಕೊಂಡಳು. ಈಗ ಫೋನಿನಲ್ಲಿ ಮನೆ ಓನರ್ ಜೊತೆ ಜರ್ಮನ್‌ನಲ್ಲೇ ವಾದ ಮಾಡುತ್ತಾಳೆ, ಕೇಳೋಕೆ ಹೆಮ್ಮೆ.